‘ಏನೋ ಸರಿಯಿಲ್ಲ ಸರ್’ ಎಂದಾಗ ಸೂಪರ್‌ವೈಸರ್ ಏನು ಮಾಡಬೇಕು? ಪಾಶಮೈಲಾರಂ ದುರಂತ ಕಲಿಸುವ ಪಾಠ

ಹೈದರಾಬಾದ್: 2025ರ ಜೂನ್ 30, ಸೋಮವಾರ. ಬೆಳಗಿನ ಪಾಳಿಯವರು ಕೆಲಸಕ್ಕೆ ಇಳಿದು ಸ್ವಲ್ಪ ಹೊತ್ತಾಗಿತ್ತಷ್ಟೆ. ಹೈದರಾಬಾದ್ ಹೊರವಲಯದ ಪಾಶಮೈಲಾರಂ ಕೈಗಾರಿಕಾ ಪ್ರದೇಶದಲ್ಲಿರುವ ಸಿಗಾಚಿ ಇಂಡಸ್ಟ್ರೀಸ್ ಘಟಕದಲ್ಲಿ ಒಂಬತ್ತೂವರೆ ಸುಮಾರಿಗೆ ಭಾರೀ ಸ್ಫೋಟ ಸಂಭವಿಸಿತು. ಕಟ್ಟಡ ಕುಸಿಯಿತು, ಬೆಂಕಿ ಆವರಿಸಿತು. ವಿಷಯ ತಿಳಿದು ಗೇಟಿನ ಬಳಿ ಓಡಿಬಂದ ಕುಟುಂಬದವರು ಕೇಳಿದ್ದು ಒಂದೇ ಪ್ರಶ್ನೆ: ನಮ್ಮವರು ಒಳಗಿದ್ದಾರಾ, ಹೊರಗಿದ್ದಾರಾ?

ಈ ಪ್ರಶ್ನೆಗೆ ಉತ್ತರ ಸಿಗಲು ದಿನಗಳೇ ಹಿಡಿದವು. ಮೊದಲ ದಿನ ಹನ್ನೆರಡರ ಆಸುಪಾಸಿನಲ್ಲಿದ್ದ ಸಾವಿನ ಸಂಖ್ಯೆ ಮರುದಿನವೇ 30 ದಾಟಿತು. ಗುರುತು ಸಿಗದ ದೇಹಗಳಿಗೆ ಡಿಎನ್ಎ ಪರೀಕ್ಷೆ ನಡೆಸಬೇಕಾಯಿತು. ಕೊನೆಗೆ 46 ಮಂದಿಯ ಸಾವು ಖಚಿತವಾಯಿತು. ಇನ್ನೂ 8 ಮಂದಿಯ ಸುಳಿವೇ ಸಿಗಲಿಲ್ಲ. ಅವರನ್ನೂ ಸೇರಿಸಿದರೆ 54 ಜನ. ಬಿಹಾರ, ಉತ್ತರ ಪ್ರದೇಶ, ಒಡಿಶಾ, ಜಾರ್ಖಂಡ್‌ಗಳಿಂದ ಕೆಲಸ ಹುಡುಕಿಕೊಂಡು ಬಂದವರು ಅವರಲ್ಲಿ ಹೆಚ್ಚು. ಕಂಪನಿ ಮೃತರ ಕುಟುಂಬಗಳಿಗೆ ತಲಾ 1 ಕೋಟಿ ರೂಪಾಯಿ ಪರಿಹಾರ ಘೋಷಿಸಿತು. ತೆಲಂಗಾಣ ಸರ್ಕಾರ ತಜ್ಞರ ಸಮಿತಿ ರಚಿಸಿತು, ಪೊಲೀಸರು ಪ್ರಕರಣ ದಾಖಲಿಸಿದರು.

ಮೃತ ಕಾರ್ಮಿಕರೊಬ್ಬರ ಕುಟುಂಬ ಪೊಲೀಸರಿಗೆ ನೀಡಿದ ದೂರಿನಲ್ಲಿದ್ದ ಒಂದು ಮಾತು ಬಹಳ ಜನರ ಗಮನ ಸೆಳೆಯಿತು. ಯಂತ್ರಗಳು ಹಳೆಯದಾಗಿವೆ, ಅಪಾಯವಿದೆ ಎಂದು ಮೊದಲೇ ಹೇಳಿದ್ದರೂ ಆಡಳಿತ ಕಿವಿಗೆ ಹಾಕಿಕೊಳ್ಳಲಿಲ್ಲ ಎಂಬುದು ಆ ಆರೋಪ. ಅದರ ಸತ್ಯಾಸತ್ಯತೆಯನ್ನು ತೀರ್ಮಾನಿಸಬೇಕಾದದ್ದು ತನಿಖೆ ಮತ್ತು ನ್ಯಾಯಾಲಯ. ಆದರೆ ಕಾರ್ಖಾನೆ, ಗೋದಾಮು, ಕಟ್ಟಡ ಕಾಮಗಾರಿ ಎಲ್ಲೇ ಇರಲಿ, ಜನರನ್ನು ಕೆಲಸಕ್ಕೆ ಹಚ್ಚುವ ಪ್ರತಿಯೊಬ್ಬರೂ ತಮ್ಮನ್ನು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದು ಅದರಲ್ಲಿದೆ. ಕೆಳಗಿನವರು ‘ಏನೋ ಸರಿಯಿಲ್ಲ’ ಎಂದಾಗ ಆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ?

ಇದು ತೆಲಂಗಾಣಕ್ಕಷ್ಟೇ ಸಂಬಂಧಿಸಿದ ವಿಷಯವೂ ಅಲ್ಲ. ಪಾಶಮೈಲಾರಂ ಇರುವುದು ಸಂಗಾರೆಡ್ಡಿ ಜಿಲ್ಲೆಯಲ್ಲಿ. ಪಕ್ಕದ ಹೆದ್ದಾರಿಯಲ್ಲಿ ಸಂಗಾರೆಡ್ಡಿ, ಜಹೀರಾಬಾದ್ ದಾಟಿದರೆ ಸಿಗುವುದು ನಮ್ಮ ಬೀದರ್ ಜಿಲ್ಲೆ. ಬೀದರ್, ಕಲಬುರಗಿ, ಯಾದಗಿರಿ ಕಡೆಯಿಂದ ದುಡಿಯಲು ಹೈದರಾಬಾದಿಗೆ ಹೋಗುವವರು ತಲೆಮಾರುಗಳಿಂದ ಇದ್ದಾರೆ. ಔಷಧ ಮತ್ತು ರಾಸಾಯನಿಕ ಘಟಕಗಳು ಬೀದರಿನ ಕೊಳಾರದಲ್ಲೂ ಇವೆ, ಯಾದಗಿರಿಯ ಕಡೇಚೂರಿನಲ್ಲೂ ಇವೆ.

ಸೂಪರ್‌ವೈಸರ್ ಪಾತ್ರ ಏಕೆ ದೊಡ್ಡದು?

ಸುರಕ್ಷತೆ ಎಂದರೆ ಸೇಫ್ಟಿ ಆಫೀಸರ್ ಕೆಲಸ ಎಂಬ ಭಾವನೆ ಹಲವು ಕಡೆ ಇದೆ. ಆದರೆ ಸೇಫ್ಟಿ ಆಫೀಸರ್ ಪ್ರತಿ ಯಂತ್ರದ ಪಕ್ಕ, ಪ್ರತಿ ಪಾಳಿಯಲ್ಲಿ ನಿಂತಿರಲು ಸಾಧ್ಯವಿಲ್ಲ. ಅಲ್ಲಿರುವವರು ಶಿಫ್ಟ್ ಇನ್‌ಚಾರ್ಜ್, ಫೋರ್‌ಮನ್, ಸೂಪರ್‌ವೈಸರ್, ಮೇಸ್ತ್ರಿ. ಯಂತ್ರದ ಸದ್ದು ಬದಲಾದರೆ ಮೊದಲು ತಿಳಿಯುವುದು ಆಪರೇಟರ್‌ಗೆ, ಆತ ಮೊದಲು ಹೇಳುವುದು ಇವರಿಗೆ.

ಮೇಲಿನಿಂದ ಬರುವ ಒತ್ತಡವನ್ನು ಮೊದಲು ಹೊರುವವರೂ ಇವರೇ. ಇವತ್ತು ಇಷ್ಟು ಬ್ಯಾಚ್ ಮುಗಿಯಬೇಕು, ಲಾರಿ ಕಾಯುತ್ತಿದೆ, ಆರ್ಡರ್ ತಪ್ಪಬಾರದು. ಕೆಳಗಿನಿಂದ ಬರುವ ಎಚ್ಚರಿಕೆ ಮತ್ತು ಮೇಲಿನಿಂದ ಬರುವ ಗುರಿ ಎರಡೂ ಇವರ ಬಳಿಯೇ ಎದುರಾಗುತ್ತವೆ.

ಯಾವುದೇ ಘಟಕದಲ್ಲಿ ನಡೆಯಬಹುದಾದ ಮಾತುಕತೆ ಇದು. ‘ಸರ್, ಮೋಟಾರ್ ಜಾಸ್ತಿ ಬಿಸಿ ಆಗ್ತಿದೆ.’ ‘ಈ ಬ್ಯಾಚ್ ಮುಗೀಲಿ, ಆಮೇಲೆ ನೋಡೋಣ.’ ಮೊದಲ ಸಲ ಏನೂ ಆಗುವುದಿಲ್ಲ, ಎರಡನೇ ಸಲವೂ ಆಗುವುದಿಲ್ಲ. ಏನೂ ಆಗಲಿಲ್ಲ ಎಂಬುದೇ ಧೈರ್ಯವಾಗಿಬಿಡುತ್ತದೆ. ಮೂರನೇ ಸಲ ಹೇಳುವುದನ್ನೇ ಆಪರೇಟರ್ ನಿಲ್ಲಿಸಿರುತ್ತಾನೆ. ಅವಘಡಕ್ಕೆ ದಾರಿಯಾಗುವುದು ಈ ಮೌನ. ಅದನ್ನು ಮುರಿಯುವುದು ಸೂಪರ್‌ವೈಸರ್ ಕೆಲಸ, ಹಾಗೆ ಮುರಿದ ಸೂಪರ್‌ವೈಸರ್‌ಗೆ ಬೆನ್ನೆಲುಬಾಗಿ ನಿಲ್ಲುವುದು ಮ್ಯಾನೇಜರ್ ಕೆಲಸ.

ಪುಡಿಯೂ ಸ್ಫೋಟಿಸುತ್ತದೆಯೇ?

ಪಾಶಮೈಲಾರಂ ಘಟಕದಲ್ಲಿ ತಯಾರಾಗುತ್ತಿದ್ದುದು ಮೈಕ್ರೋಕ್ರಿಸ್ಟಲಿನ್ ಸೆಲ್ಯುಲೋಸ್. ಮರದ ತಿರುಳಿನಿಂದ ಮಾಡುವ ನುಣ್ಣನೆಯ ಬಿಳಿ ಪುಡಿ. ನಾವು ನುಂಗುವ ಎಷ್ಟೋ ಮಾತ್ರೆಗಳಲ್ಲಿ ಔಷಧದ ಅಂಶವನ್ನು ಹಿಡಿದಿಡಲು ಇದನ್ನು ಬಳಸುತ್ತಾರೆ. ವಿಷವಲ್ಲ, ಆಮ್ಲವೂ ಅಲ್ಲ. ನೋಡಿದವರಿಗೆ ಹಿಟ್ಟಿನಂತೆ ಕಾಣುತ್ತದೆ. ದುರಂತದ ನಿಖರ ಕಾರಣ ತನಿಖೆಗೆ ಸೇರಿದ ವಿಷಯ. ರಿಯಾಕ್ಟರ್ ಸ್ಫೋಟ ಇದಕ್ಕೆ ಕಾರಣವಲ್ಲ ಎಂದು ಕಂಪನಿ ತಿಳಿಸಿತ್ತು. ಆದರೆ ಇಂಥ ಪುಡಿಗಳ ಅಪಾಯ ಕೈಗಾರಿಕಾ ಲೋಕಕ್ಕೆ ಬಹಳ ಹಿಂದೆಯೇ ಗೊತ್ತಿರುವಂಥದ್ದು.

ರಾಶಿ ಬಿದ್ದ ಹಿಟ್ಟಿಗೆ ಬೆಂಕಿ ತಗುಲಿಸಿದರೆ ಅದು ಮೆಲ್ಲಗೆ ಸುಡುತ್ತದೆ. ಅದೇ ಹಿಟ್ಟು ಗಾಳಿಯಲ್ಲಿ ಮೋಡದಂತೆ ಹರಡಿಕೊಂಡಿದ್ದರೆ ಪ್ರತಿ ಕಣದ ಸುತ್ತಲೂ ಆಮ್ಲಜನಕ ಇರುತ್ತದೆ, ಆಗ ಕಣಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಉರಿಯುತ್ತವೆ. ಈ ಸ್ಫೋಟಕ್ಕೆ ಐದು ಅಂಶಗಳು ಸೇರಬೇಕು: ಉರಿಯಬಲ್ಲ ಪುಡಿ, ಗಾಳಿ, ಕಿಡಿ ಅಥವಾ ಶಾಖ, ಪುಡಿ ಗಾಳಿಯಲ್ಲಿ ಹರಡುವುದು ಮತ್ತು ಮುಚ್ಚಿದ ಜಾಗ. ಸಕ್ಕರೆ, ಗೋಧಿ ಹಿಟ್ಟು, ಮೆಕ್ಕೆಜೋಳದ ಪಿಷ್ಟ, ಮರದ ಹೊಟ್ಟು, ಹಾಲಿನ ಪುಡಿ, ಅಲ್ಯೂಮಿನಿಯಂ ಪುಡಿ ಎಲ್ಲಕ್ಕೂ ಈ ಮಾತು ಅನ್ವಯಿಸುತ್ತದೆ.

ಇಂಥ ಕಡೆ ಹೆಚ್ಚು ಹಾನಿ ಮಾಡುವುದು ಎರಡನೇ ಸ್ಫೋಟ. ಮೊದಲನೆಯದು ಯಾವುದೋ ಒಂದು ಯಂತ್ರದೊಳಗೆ ಆಗುತ್ತದೆ. ಅದರ ಅದುರಿಗೆ ತೊಲೆ, ಕೇಬಲ್ ಟ್ರೇ, ದೀಪದ ಮೇಲ್ಭಾಗ, ಪೈಪುಗಳ ಮೇಲೆ ತಿಂಗಳುಗಟ್ಟಲೆ ಕೂತಿದ್ದ ಧೂಳು ಒಮ್ಮೆಲೇ ಉದುರಿ ಗಾಳಿಯಲ್ಲಿ ಹರಡುತ್ತದೆ. ಅದಕ್ಕೂ ಬೆಂಕಿ ತಗುಲಿದರೆ ಕಟ್ಟಡವೇ ಉರುಳುತ್ತದೆ. 2008ರ ಫೆಬ್ರವರಿ 7ರಂದು ಅಮೆರಿಕದ ಜಾರ್ಜಿಯಾದ ಇಂಪೀರಿಯಲ್ ಶುಗರ್ ಕಾರ್ಖಾನೆಯಲ್ಲಿ ಸಕ್ಕರೆ ಧೂಳಿನಿಂದ ಇಂಥದ್ದೇ ಸರಣಿ ಸ್ಫೋಟ ಸಂಭವಿಸಿ 14 ಕಾರ್ಮಿಕರು ಸತ್ತರು. ಒಂದು ಮಿಲಿಮೀಟರಿಗಿಂತ ತೆಳುವಾದ ಧೂಳಿನ ಪದರವೂ ದೊಡ್ಡ ಜಾಗಕ್ಕೆ ಹರಡಿಕೊಂಡಿದ್ದರೆ ಅಪಾಯ ಎಂದೇ ಅಲ್ಲಿನ ಅಗ್ನಿ ಸುರಕ್ಷತಾ ಮಾನದಂಡಗಳು ಪರಿಗಣಿಸುತ್ತವೆ.

ಈ ಅಪಾಯವನ್ನು ಪತ್ತೆ ಮಾಡಲು ಸೂಪರ್‌ವೈಸರ್‌ಗೆ ದುಬಾರಿ ಉಪಕರಣ ಬೇಕಿಲ್ಲ. ಕಣ್ಣಿನ ಎತ್ತರಕ್ಕಿಂತ ಮೇಲೆ ನೋಡುವ ಅಭ್ಯಾಸವಿದ್ದರೆ ಸಾಕು. ತೊಲೆಯ ಮೇಲೆ ಬೆರಳಾಡಿಸಿದರೆ ಗೆರೆ ಮೂಡುತ್ತದೆಯೇ? ಧೂಳನ್ನು ಗಾಳಿಯ ಪೈಪಿನಿಂದ ಊದಿ ಚೆದುರಿಸುತ್ತಿದ್ದಾರೆಯೇ, ಅಥವಾ ಇದಕ್ಕೆಂದೇ ಮಾಡಿದ ವ್ಯಾಕ್ಯೂಮ್‌ನಿಂದ ಹೀರಿ ತೆಗೆಯುತ್ತಿದ್ದಾರೆಯೇ? ಬೇರಿಂಗ್ ಬಿಸಿಯಾಗುತ್ತಿದೆಯೇ? ಡ್ರೈಯರ್ ಪಕ್ಕದಲ್ಲೇ ವೆಲ್ಡಿಂಗ್ ನಡೆಯುತ್ತಿದೆಯೇ? ಯಂತ್ರಗಳ ಅರ್ಥಿಂಗ್ ತಂತಿ ಕಳಚಿದೆಯೇ? ಐದು ಅಂಶಗಳಲ್ಲಿ ಒಂದನ್ನು ಕಡಿದರೂ ಸ್ಫೋಟವಿಲ್ಲ. ಗಾಳಿಯನ್ನು ತಪ್ಪಿಸುವುದು ಕಷ್ಟವಾಗಬಹುದು, ಆದರೆ ಧೂಳು ಮತ್ತು ಕಿಡಿಯನ್ನು ತಪ್ಪಿಸುವುದು ಪಾಳಿ ನಡೆಸುವವರ ಕೈಯಲ್ಲಿದೆ.

ನಿಲ್ಲಿಸುವ ಅಧಿಕಾರ ಯಾರಿಗಿದೆ?

ಅಪಾಯ ಕಂಡರೆ ಕೆಲಸ ನಿಲ್ಲಿಸಿ ಎಂಬ ಫಲಕ ಬಹುತೇಕ ಕಾರ್ಖಾನೆಗಳಲ್ಲಿ ಕಾಣಸಿಗುತ್ತದೆ. ನಿಜವಾಗಿ ನಿಲ್ಲಿಸಿದವರಿಗೆ ಏನಾಯಿತು ಎಂಬುದು ಮುಖ್ಯ. ಮೂರು ತಿಂಗಳ ಹಿಂದೆ ಯಂತ್ರ ನಿಲ್ಲಿಸಿದ ಆಪರೇಟರ್‌ಗೆ ಬೈಗುಳ ಬಿದ್ದಿದ್ದರೆ, ಗುತ್ತಿಗೆದಾರ ಮರುದಿನ ‘ನಾಳೆಯಿಂದ ಬರಬೇಡ’ ಎಂದಿದ್ದರೆ, ಆ ಫಲಕವನ್ನು ಯಾರೂ ನಂಬುವುದಿಲ್ಲ. ಆ ಒಂದು ಘಟನೆ ನೂರು ತರಬೇತಿಗಳನ್ನು ಅಳಿಸಿಹಾಕುತ್ತದೆ.

ಹಾಗಾಗಿ ಕೆಲಸ ನಿಂತಾಗ ಮೊದಲ ಪ್ರತಿಕ್ರಿಯೆ ಹೇಗಿರುತ್ತದೆ ಎಂಬುದರಲ್ಲೇ ನಾಯಕತ್ವದ ಪರೀಕ್ಷೆ. ‘ಯಾಕೆ ನಿಲ್ಲಿಸಿದೆ?’ ಎಂದು ಗದರುವ ಬದಲು ‘ಹೇಳಿದ್ದು ಒಳ್ಳೆಯದಾಯ್ತು, ಏನು ಕಂಡಿತು ತೋರಿಸು’ ಎಂದು ಕೇಳಿದರೆ ಮುಂದಿನ ಸಲವೂ ಆತ ಬಾಯಿಬಿಡುತ್ತಾನೆ. ನೋಡಿದಾಗ ಏನೂ ತೊಂದರೆ ಇರದಿದ್ದರೂ ಸರಿ. ಅನಗತ್ಯವಾಗಿ ನಿಂತ ಇಪ್ಪತ್ತು ನಿಮಿಷದ ನಷ್ಟವನ್ನು ಲೆಕ್ಕ ಹಾಕಬಹುದು, ಬಾಯಿ ಮುಚ್ಚಿಕೊಂಡ ಕಾರ್ಮಿಕನಿಂದಾಗುವ ನಷ್ಟವನ್ನು ಲೆಕ್ಕ ಹಾಕಲಾಗದು.

ಇದಕ್ಕೆ ಮೂರು ಸರಳ ಕ್ರಮಗಳಿವೆ. ಮೊದಲನೆಯದು, ಬಂದ ಎಚ್ಚರಿಕೆಯನ್ನು ಬರೆದಿಡುವುದು. ಬಾಯಿಮಾತಿನಲ್ಲಿ ಹೇಳಿದ್ದು ಪಾಳಿ ಬದಲಾದಾಗ ಕಳೆದುಹೋಗುತ್ತದೆ. ಯಾವ ಯಂತ್ರ, ಏನು ದೂರು, ಯಾರು ಹೇಳಿದರು, ಎಷ್ಟು ಗಂಟೆಗೆ ಎಂಬುದು ಲಾಗ್‌ಬುಕ್‌ನಲ್ಲಿ ಇರಲಿ. ಎರಡನೆಯದು, ಅದೇ ಪಾಳಿ ಮುಗಿಯುವುದರೊಳಗೆ ಉತ್ತರ ಕೊಡುವುದು. ರಿಪೇರಿ ಅಷ್ಟರಲ್ಲೇ ಮುಗಿಯಬೇಕೆಂದಿಲ್ಲ, ಆದರೆ ‘ಮೆಂಟೆನೆನ್ಸ್‌ಗೆ ಹೇಳಿದ್ದೇನೆ, ಅಲ್ಲಿಯವರೆಗೆ ಯಂತ್ರ ಬಂದ್’ ಎಂಬ ಮಾತು ಹೇಳಿದವರಿಗೆ ತಲುಪಬೇಕು. ಮೂರನೆಯದು, ತನ್ನಿಂದ ಆಗದ್ದನ್ನು ಮೇಲಕ್ಕೆ ಲಿಖಿತವಾಗಿ ಕಳಿಸುವುದು. ‘ಯಂತ್ರ ಬದಲಿಸಬೇಕು’ ಎಂಬ ಪತ್ರ ಮ್ಯಾನೇಜರ್ ಮೇಜಿಗೆ ಬಂದ ಮೇಲೆ ಅದು ಮ್ಯಾನೇಜರ್ ಹೊಣೆ. ಹಣ ಮಂಜೂರಾಗುವವರೆಗೆ ಆ ಯಂತ್ರ ಓಡಬೇಕೇ ಬೇಡವೇ ಎಂದು ಅವರು ಸಹಿ ಹಾಕಿ ತೀರ್ಮಾನಿಸಲಿ.

ಪಾಳಿ ಬದಲಾವಣೆಯ ಹೊತ್ತನ್ನೂ ಇಲ್ಲಿ ನೆನೆಯಬೇಕು. ರಾತ್ರಿ ಪಾಳಿಯವರು ನಿದ್ದೆಗಣ್ಣಿನಲ್ಲಿ ಬಸ್ಸು ಹಿಡಿಯುವ ಅವಸರದಲ್ಲಿರುತ್ತಾರೆ, ಬೆಳಗಿನವರು ಹಾಜರಿ ಹಾಕುವ ಗಡಿಬಿಡಿಯಲ್ಲಿರುತ್ತಾರೆ. ಇಬ್ಬರು ಇನ್‌ಚಾರ್ಜ್‌ಗಳು ಯಂತ್ರದ ಎದುರೇ ನಿಂತು ಹತ್ತು ನಿಮಿಷ ಮಾತಾಡುವ ನಿಯಮವಿದ್ದರೆ ಬಿಸಿಯಾದ ಬೇರಿಂಗ್ ಸುದ್ದಿ ದಾರಿಯಲ್ಲಿ ಕಳೆದುಹೋಗುವುದಿಲ್ಲ.

ಮಂಗಳೂರು ಹೇಳುವ ಪಾಠ: ಕಾಪಾಡಲು ಇಳಿದವರೂ ಸಿಲುಕುತ್ತಾರೆ

ಕಣ್ಣಿಗೆ ಕಾಣುವ ಧೂಳಿನ ಜೊತೆಗೆ ಕಣ್ಣಿಗೆ ಕಾಣದ ಅನಿಲದ ಅಪಾಯವೂ ಇದೆ. 2022ರ ಏಪ್ರಿಲ್ 17ರಂದು ಮಂಗಳೂರು ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರಲ್ಲಿ ತ್ಯಾಜ್ಯದ ಟ್ಯಾಂಕಿಗೆ ಇಳಿದ ಕಾರ್ಮಿಕರೊಬ್ಬರು ಪ್ರಜ್ಞೆ ತಪ್ಪಿದರು. ಅವರನ್ನು ಮೇಲೆತ್ತಲು ಜೊತೆಗಾರರು ಒಬ್ಬರ ಹಿಂದೊಬ್ಬರು ಇಳಿದರು. ಕೊನೆಗೆ ಪಶ್ಚಿಮ ಬಂಗಾಳದಿಂದ ಬಂದಿದ್ದ ಐವರು ಪ್ರಾಣ ಕಳೆದುಕೊಂಡರು.

2025ರ ಜುಲೈ 12ರಂದು, ಪಾಶಮೈಲಾರಂ ದುರಂತ ನಡೆದು ಎರಡು ವಾರವೂ ತುಂಬಿರಲಿಲ್ಲ, ಸುರತ್ಕಲ್ ಬಳಿಯ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರದಲ್ಲಿ ಟ್ಯಾಂಕ್ ಪರಿಶೀಲನೆಗೆ ಹೋಗಿದ್ದ ಇಬ್ಬರು ಆಪರೇಟರ್‌ಗಳು ಹೈಡ್ರೋಜನ್ ಸಲ್ಫೈಡ್ ಅನಿಲಕ್ಕೆ ಬಲಿಯಾದರು. ಅವರ ನೆರವಿಗೆ ಹೋದ ಮೂರನೆಯವರೂ ಅಸ್ವಸ್ಥರಾದರು.

ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ವಾಸನೆ ಬೀರುತ್ತದೆ. ಆದರೆ ಪ್ರಮಾಣ ಹೆಚ್ಚಾದಂತೆ ಮೂಗು ಆ ವಾಸನೆಯನ್ನು ಗುರುತಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ವಾಸನೆ ನಿಂತಿತು, ಇನ್ನು ಭಯವಿಲ್ಲ ಎಂದುಕೊಂಡ ಹೊತ್ತಿನಲ್ಲೇ ಅಪಾಯ ಅತಿ ಹೆಚ್ಚಿರುತ್ತದೆ. ಹಾಗಾಗಿ ಟ್ಯಾಂಕ್, ಗುಂಡಿ, ಮ್ಯಾನ್‌ಹೋಲ್, ಸೈಲೊಗಳಲ್ಲಿ ಮೂಗನ್ನು ನಂಬುವಂತಿಲ್ಲ, ಅಳತೆಯ ಉಪಕರಣವನ್ನೇ ನಂಬಬೇಕು.

ಇಂಥ ಜಾಗಕ್ಕೆ ಇಳಿಸುವ ಮುನ್ನ ಪರ್ಮಿಟ್ ಬರೆಯುವ ಪದ್ಧತಿಯಿದೆ. ಪರ್ಮಿಟ್ ಎಂದರೆ ಬರೀ ಕಾಗದವಲ್ಲ. ಒಳಗಿನ ಆಮ್ಲಜನಕ ಮತ್ತು ವಿಷಾನಿಲ ಅಳೆದಾಯಿತೇ, ಒಳಬರುವ ಪೈಪುಗಳನ್ನು ಬಂದ್ ಮಾಡಿದೆಯೇ, ಬೆಲ್ಟ್ ಮತ್ತು ಹಗ್ಗ ಕಟ್ಟಿದೆಯೇ, ಮೇಲೆ ನಿಂತು ನೋಡುವವರು ಯಾರು ಎಂಬುದನ್ನು ಸೂಪರ್‌ವೈಸರ್ ಸ್ಥಳದಲ್ಲೇ ಕಂಡು ಸಹಿ ಹಾಕಿದರೆ ಮಾತ್ರ ಅದಕ್ಕೆ ಬೆಲೆ. ಕಚೇರಿಯಲ್ಲಿ ಕೂತು ಹಾಕಿದ ಸಹಿ ಯಾರನ್ನೂ ಕಾಯುವುದಿಲ್ಲ.

ಇನ್ನೊಂದು ಮಾತನ್ನು ಪ್ರತಿ ತಂಡಕ್ಕೂ ಮೊದಲೇ ಹೇಳಿರಬೇಕು: ಒಳಗಿದ್ದವರು ಕುಸಿದರೆ ಉಸಿರಾಟದ ಉಪಕರಣವಿಲ್ಲದೆ ಯಾರೂ ಇಳಿಯಬಾರದು. ಜೊತೆಗಾರ ಕಣ್ಣೆದುರೇ ಒದ್ದಾಡುವಾಗ ಸುಮ್ಮನಿರುವುದು ಮನುಷ್ಯ ಸ್ವಭಾವವಲ್ಲ. ಅದಕ್ಕೇ ಹಗ್ಗ ಎಳೆದು ಮೇಲೆತ್ತುವ ವ್ಯವಸ್ಥೆ ಕೆಲಸ ಶುರುವಾಗುವ ಮುನ್ನವೇ ಸಿದ್ಧವಿರಬೇಕು. ಆ ಕ್ಷಣದಲ್ಲಿ ಜನರನ್ನು ತಡೆಯಲು ನಂಬಿಕೆಯ ಸೂಪರ್‌ವೈಸರ್ ಒಬ್ಬರು ಅಲ್ಲಿರಬೇಕು.

ಒಳಗೆ ಎಷ್ಟು ಜನರಿದ್ದಾರೆ?

ಪಾಶಮೈಲಾರಂ ಗೇಟಿನಲ್ಲಿ ಕುಟುಂಬಗಳು ಕೇಳಿದ ಪ್ರಶ್ನೆಗೆ ಮರಳೋಣ. ಯಾವುದೇ ಘಟಕದಲ್ಲಿ, ಯಾವುದೇ ಹೊತ್ತಿನಲ್ಲಿ, ಯಾವ ವಿಭಾಗದಲ್ಲಿ ಯಾರಿದ್ದಾರೆ ಎಂಬುದನ್ನು ಹತ್ತು ನಿಮಿಷದಲ್ಲಿ ಹೇಳಲು ಸಾಧ್ಯವೇ? ಕಾಯಂ ನೌಕರರ ಪಂಚಿಂಗ್ ದಾಖಲೆ ಇರಬಹುದು. ಆದರೆ ಗುತ್ತಿಗೆದಾರ ಬೆಳಗ್ಗೆ ಕರೆತಂದ ಎಂಟು ಜನ, ಬದಲಿಗೆ ಬಂದ ಒಬ್ಬರು, ಲಾರಿಯ ಕ್ಲೀನರ್, ಯಂತ್ರ ರಿಪೇರಿಗೆ ಬಂದ ಮೆಕ್ಯಾನಿಕ್ ಇವರೆಲ್ಲ ಯಾವ ಪಟ್ಟಿಯಲ್ಲಿದ್ದಾರೆ? ಹಾಜರಿ ದಾಖಲೆ ಉರಿಯುವ ಕಟ್ಟಡದೊಳಗೇ ಇದ್ದರೆ ಅದು ಇದ್ದೂ ಇಲ್ಲದಂತೆ.

ಪಟ್ಟಿಯ ಒಂದು ಪ್ರತಿ ಗೇಟಿನಲ್ಲಿ ಅಥವಾ ಕಟ್ಟಡದ ಹೊರಗೆ ಇರಬೇಕು. ತುರ್ತು ಸಂದರ್ಭದಲ್ಲಿ ಎಲ್ಲರೂ ಸೇರಬೇಕಾದ ಜಾಗ ಯಾವುದೆಂದು ನಿನ್ನೆಯಷ್ಟೇ ಕೆಲಸಕ್ಕೆ ಬಂದವರಿಗೂ ಗೊತ್ತಿರಬೇಕು. ಅಲ್ಲಿ ಹೆಸರು ಕೂಗಿ ಎಣಿಸುವುದು ಆಯಾ ಸೂಪರ್‌ವೈಸರ್ ಹೊಣೆ. ಅಗ್ನಿಶಾಮಕ ದಳದವರು ಬಂದ ಕೂಡಲೇ ‘ಮೂವರು ಕಾಣುತ್ತಿಲ್ಲ, ಎರಡನೇ ಮಹಡಿಯ ಪ್ಯಾಕಿಂಗ್ ಕಡೆ ಇದ್ದರು’ ಎಂದು ಹೇಳುವವರಿದ್ದರೆ ಹುಡುಕಾಟ ನೇರವಾಗಿ ಅಲ್ಲಿಂದಲೇ ಶುರುವಾಗುತ್ತದೆ.

ಸೈರನ್ ವಿಷಯವೂ ಹೀಗೇ. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಘಟಕದಿಂದ ಸ್ಟೈರೀನ್ ಅನಿಲ ಸೋರಿ 12 ಮಂದಿ ಸತ್ತರು. ಲಾಕ್‌ಡೌನ್ ಮುಗಿಸಿ ಘಟಕ ಮತ್ತೆ ಶುರುವಾಗುವ ಹಂತದಲ್ಲಿತ್ತು. ಸೈರನ್ ವ್ಯವಸ್ಥೆ ಇದ್ದರೂ ಅದನ್ನು ಬಳಸಲಿಲ್ಲ ಎಂದು ಆಂಧ್ರ ಪ್ರದೇಶ ಸರ್ಕಾರದ ಉನ್ನತ ಸಮಿತಿ ತನ್ನ ವರದಿಯಲ್ಲಿ ಬೊಟ್ಟು ಮಾಡಿತು. ಯಾರನ್ನೂ ಕೇಳದೆ ಗುಂಡಿ ಒತ್ತುವ ಅಧಿಕಾರ ತನಗಿದೆ ಎಂಬುದು ರಾತ್ರಿ ಪಾಳಿಯ ಅತ್ಯಂತ ಕಿರಿಯ ನೌಕರನಿಗೂ ತಿಳಿದಿರಬೇಕು. ಒತ್ತಿದ್ದು ತಪ್ಪಾದರೂ ಶಿಕ್ಷೆಯಿಲ್ಲ ಎಂದು ಮ್ಯಾನೇಜರ್ ಮೊದಲೇ ಹೇಳಿರಬೇಕು.

ಅರ್ಥವಾಗುವ ಭಾಷೆಯಲ್ಲಿ ಹೇಳುತ್ತಿದ್ದೇವೆಯೇ?

ಹೈದರಾಬಾದ್ ಸುತ್ತಲಿನ ಯಾವುದೇ ಘಟಕದಲ್ಲಿ ಹಿಂದಿ, ಭೋಜ್‌ಪುರಿ, ಒಡಿಯಾ, ತೆಲುಗು, ಕನ್ನಡ, ಮರಾಠಿ ಎಲ್ಲ ಭಾಷೆಯೂ ಕಿವಿಗೆ ಬೀಳಬಹುದು. ಪೀಣ್ಯ, ಬೈಕಂಪಾಡಿಯಲ್ಲೂ ಇದೇ ಸ್ಥಿತಿ. 2023ರ ಡಿಸೆಂಬರ್‌ನಲ್ಲಿ ವಿಜಯಪುರದ ಗೋದಾಮೊಂದರಲ್ಲಿ ಮೆಕ್ಕೆಜೋಳದ ಮೂಟೆಗಳ ಅಡಿ ಸಿಲುಕಿ ಸತ್ತ ಏಳು ಮಂದಿಯೂ ಬಿಹಾರದಿಂದ ಬಂದವರು. ಆದರೆ ಗೋಡೆಯ ಮೇಲಿನ ಸುರಕ್ಷತಾ ಸೂಚನೆಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತವೆ.

ಪಾಳಿ ಶುರುವಾಗುವ ಮುನ್ನ ಐದು ನಿಮಿಷ ನಿಂತು ಮಾತಾಡುವುದನ್ನು ಕಾರ್ಖಾನೆಗಳಲ್ಲಿ ಟೂಲ್‌ಬಾಕ್ಸ್ ಟಾಕ್ ಎನ್ನುತ್ತಾರೆ. ಎಷ್ಟೋ ಕಡೆ ಇದು ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಶಾಸ್ತ್ರವಾಗಿದೆ. ಅದಕ್ಕೆ ಜೀವ ಬರಬೇಕಾದರೆ ಇವತ್ತಿನ ಕೆಲಸ, ಇವತ್ತಿನ ಅಪಾಯದ ಬಗ್ಗೆಯೇ ಮಾತಾಡಬೇಕು. ‘ಅರ್ಥ ಆಯ್ತಾ?’ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಅದರ ಬದಲು ‘ಬೆಂಕಿ ಬಿದ್ದರೆ ನೀನು ಯಾವ ಬಾಗಿಲಿಂದ ಹೋಗ್ತೀಯ, ತೋರಿಸು’ ಎಂದು ಕೇಳಿ ನೋಡಿ. ಎಷ್ಟು ಅರ್ಥವಾಗಿದೆ ಎಂಬುದು ಅಲ್ಲೇ ತಿಳಿಯುತ್ತದೆ. ಕಾರ್ಮಿಕರ ಭಾಷೆ ಬಾರದಿದ್ದರೆ ಅವರಲ್ಲೇ ಒಬ್ಬರನ್ನು ಮಾತು ತಿಳಿಸಿಹೇಳುವ ಹೊಣೆಗೆ ನೇಮಿಸಬಹುದು.

ಹೆಲ್ಮೆಟ್ ಕೊನೆಯ ಸಾಲಿನ ರಕ್ಷಣೆ

ಸುರಕ್ಷತೆ ಎಂದೊಡನೆ ಹೆಲ್ಮೆಟ್, ಗ್ಲೌಸ್, ಶೂ ನೆನಪಾಗುತ್ತವೆ. ಅವು ಬೇಕೇ ಬೇಕು, ಆದರೆ ರಕ್ಷಣೆಯ ಕ್ರಮದಲ್ಲಿ ಅವುಗಳದ್ದು ಕೊನೆಯ ಸ್ಥಾನ. ಮೊದಲು ಅಪಾಯವನ್ನೇ ಇಲ್ಲವಾಗಿಸಬಹುದೇ ಎಂದು ನೋಡಬೇಕು. ಆಗದಿದ್ದರೆ ಕಡಿಮೆ ಅಪಾಯದ ವಸ್ತು ಬಳಸಬಹುದೇ? ಅದೂ ಆಗದಿದ್ದರೆ ಯಂತ್ರಕ್ಕೆ ಗಾರ್ಡ್, ಧೂಳು ಹೀರುವ ವ್ಯವಸ್ಥೆ, ಒತ್ತಡ ಹೆಚ್ಚಾದರೆ ಸುರಕ್ಷಿತವಾಗಿ ಹೊರಹಾಕುವ ಕಿಂಡಿಗಳಂಥ ತಾಂತ್ರಿಕ ತಡೆ. ನಂತರ ನಿಯಮ, ತರಬೇತಿ, ಪರ್ಮಿಟ್. ಇಷ್ಟರ ನಂತರವೂ ಉಳಿದ ಅಪಾಯಕ್ಕೆ ಹೆಲ್ಮೆಟ್ ಮತ್ತು ಮಾಸ್ಕ್. ಕಟ್ಟಡವೇ ಕುಸಿಯುವಂಥ ಸ್ಫೋಟದಲ್ಲಿ ಹೆಲ್ಮೆಟ್ ಏನು ಮಾಡೀತು?

ಮ್ಯಾನೇಜರ್ ಗಮನ ಕೊನೆಯ ಮೆಟ್ಟಿಲಿನಲ್ಲೇ ನಿಂತರೆ ಎಲ್ಲ ಹೊಣೆಯೂ ಕಾರ್ಮಿಕನ ತಲೆಗೆ ಬರುತ್ತದೆ. ‘ಗ್ಲೌಸ್ ಹಾಕಿರಲಿಲ್ಲ, ಅವನದೇ ತಪ್ಪು’ ಎಂದು ವರದಿ ಮುಗಿಸುವುದು ಸುಲಭ. ಆ ಗ್ಲೌಸ್ ಹರಿದಿತ್ತೇ, ಹೊಸದು ಕೇಳಿದಾಗ ಕೊಟ್ಟರೇ, ಯಂತ್ರದ ಗಾರ್ಡ್ ಕಳಚಿ ಎಷ್ಟು ದಿನವಾಗಿತ್ತು ಎಂದು ಕೇಳಿದರೆ ಮಾತ್ರ ಮುಂದಿನ ಅವಘಡ ತಪ್ಪುತ್ತದೆ.

‘ಶೂನ್ಯ ಅಪಘಾತ’ ಫಲಕದ ಹಿಂದೆ

ಅಪಘಾತವಿಲ್ಲದ ಇಷ್ಟು ದಿನಗಳು ಎಂದು ಗೇಟಿನಲ್ಲಿ ಫಲಕ ಹಾಕುವ ಪದ್ಧತಿಯಿದೆ. ಆ ಸಂಖ್ಯೆಗೆ ಬಹುಮಾನ ಕಟ್ಟಿದರೆ ಸಣ್ಣ ಗಾಯಗಳು ದಾಖಲೆಗೇ ಬರುವುದಿಲ್ಲ. ಸ್ವಲ್ಪದರಲ್ಲಿ ತಪ್ಪಿದ ಅವಘಡಗಳು, ಅಂದರೆ ಮೇಲಿಂದ ಬಿದ್ದ ಸ್ಪ್ಯಾನರ್, ಹೊತ್ತಿ ತಾನೇ ಆರಿದ ಕಿಡಿ, ಕುಸಿದರೂ ಯಾರ ಮೇಲೂ ಬೀಳದ ಮೂಟೆ, ಇವೇ ಮುಂದಿನ ದೊಡ್ಡ ದುರಂತದ ಮುನ್ಸೂಚನೆ. ಒಂದು ತಿಂಗಳಿಡೀ ಇಂಥ ಒಂದೂ ವರದಿ ಬಾರದಿದ್ದರೆ ಮ್ಯಾನೇಜರ್ ಸಂತೋಷಪಡುವ ಬದಲು ಅನುಮಾನಪಡಬೇಕು.

ಅಮೆರಿಕದ ಅಲ್ಯೂಮಿನಿಯಂ ಕಂಪನಿ ಅಲ್ಕೋವಾದ ಉದಾಹರಣೆಯನ್ನು ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಇಂದಿಗೂ ಹೇಳುತ್ತಾರೆ. 1987ರಲ್ಲಿ ಅದರ ಮುಖ್ಯಸ್ಥರಾದ ಪಾಲ್ ಓನೀಲ್, ಹೂಡಿಕೆದಾರರ ಮುಂದೆ ಲಾಭದ ಬದಲು ಕಾರ್ಮಿಕರ ಸುರಕ್ಷತೆಯನ್ನೇ ತಮ್ಮ ಮೊದಲ ಗುರಿ ಎಂದು ಘೋಷಿಸಿದರು. ಯಾರಿಗಾದರೂ ಗಾಯವಾದರೆ 24 ಗಂಟೆಯೊಳಗೆ ತಮಗೆ ತಿಳಿಸಬೇಕು, ಮತ್ತೆ ಹಾಗಾಗದಂತೆ ಏನು ಮಾಡುತ್ತೀರಿ ಎಂಬುದನ್ನೂ ಹೇಳಬೇಕು ಎಂಬ ನಿಯಮ ತಂದರು. ಮುಖ್ಯಸ್ಥರಿಗೆ ಅಷ್ಟು ಬೇಗ ಸುದ್ದಿ ಮುಟ್ಟಬೇಕಾದರೆ ಕೆಳಗಿನ ಪ್ರತಿ ಹಂತದಲ್ಲೂ ಮಾತು ಸರಾಗವಾಗಿ ಹರಿಯಲೇಬೇಕು. ಕೆಟ್ಟ ಸುದ್ದಿ ಬೇಗ ಮೇಲೇರುವ ದಾರಿಯನ್ನು ಅವರು ಹಾಗೆ ಮಾಡಿಕೊಟ್ಟರು.

ಕಾನೂನು ಏನು ಹೇಳುತ್ತದೆ?

1948ರ ಕಾರ್ಖಾನೆ ಕಾಯ್ದೆಯ ಸೆಕ್ಷನ್ 37 ಸ್ಫೋಟಕ ಧೂಳಿನ ಬಗ್ಗೆಯೇ ಇತ್ತು. ಯಂತ್ರವನ್ನು ಮುಚ್ಚಿಡುವುದು, ಧೂಳು ಸೇರದಂತೆ ತೆಗೆಯುವುದು, ಕಿಡಿಯ ಮೂಲಗಳನ್ನು ದೂರವಿಡುವುದು ಕಡ್ಡಾಯ ಎಂದು ಅದು ಹೇಳಿತ್ತು. ಟ್ಯಾಂಕ್, ಗುಂಡಿಗಳಿಗೆ ಇಳಿಯುವ ಬಗ್ಗೆ ಸೆಕ್ಷನ್ 36 ಇತ್ತು. 1984ರ ಭೋಪಾಲ್ ದುರಂತದ ಬಳಿಕ, 1987ರಲ್ಲಿ ತಿದ್ದುಪಡಿ ತಂದು ಅಪಾಯಕಾರಿ ಘಟಕಗಳಲ್ಲಿ ಕಾರ್ಮಿಕರಿಗೂ ಪಾಲಿರುವ ಸುರಕ್ಷತಾ ಸಮಿತಿ, ಸನ್ನಿಹಿತ ಅಪಾಯದ ಬಗ್ಗೆ ಎಚ್ಚರಿಸುವ ಕಾರ್ಮಿಕರ ಹಕ್ಕು ಮುಂತಾದವನ್ನು ಸೇರಿಸಲಾಯಿತು.

2025ರ ನವೆಂಬರ್ 21ರಿಂದ ಈ ಕಾಯ್ದೆಯ ಜಾಗದಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಜಾರಿಗೆ ಬಂದಿದೆ. ಅದರಲ್ಲಿ ಗಮನಿಸಬೇಕಾದ ಅಂಶಗಳು ಹೀಗಿವೆ:

- 500 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗೆ ಸುರಕ್ಷತಾ ಅಧಿಕಾರಿ ಬೇಕು. ಅಪಾಯಕಾರಿ ಪ್ರಕ್ರಿಯೆಯ ಕಾರ್ಖಾನೆ ಮತ್ತು ಕಟ್ಟಡ ನಿರ್ಮಾಣದಲ್ಲಿ ಈ ಮಿತಿ 250.
- ಸುರಕ್ಷತಾ ಸಮಿತಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳ ಸಂಖ್ಯೆ ಮಾಲೀಕರ ಪ್ರತಿನಿಧಿಗಳಿಗಿಂತ ಕಡಿಮೆ ಇರಬಾರದು.
- ಪ್ರಾಣಕ್ಕೆ ಅಪಾಯವಿದೆ ಎಂಬ ಸಕಾರಣ ಭಯವಿದ್ದರೆ ಕಾರ್ಮಿಕರು ಅದನ್ನು ಮಾಲೀಕರ ಗಮನಕ್ಕೂ, ಜೊತೆಗೇ ಸರ್ಕಾರದ ತಪಾಸಣಾಧಿಕಾರಿಯ ಗಮನಕ್ಕೂ ತರಬಹುದು.
- ಪ್ರತಿ ನೌಕರರಿಗೂ ನೇಮಕಾತಿ ಪತ್ರ ಕೊಡಬೇಕು.
- ಕರ್ತವ್ಯಲೋಪದಿಂದ ಸಾವು ಸಂಭವಿಸಿದರೆ 2 ವರ್ಷದವರೆಗೆ ಜೈಲು ಅಥವಾ ಕನಿಷ್ಠ 5 ಲಕ್ಷ ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ದಂಡದ ಕನಿಷ್ಠ ಅರ್ಧ ಭಾಗವನ್ನು ಮೃತರ ವಾರಸುದಾರರಿಗೆ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ.

250ಕ್ಕಿಂತ ಕಡಿಮೆ ಜನರಿರುವ ಸಣ್ಣ ಘಟಕಗಳೇ ನಮ್ಮ ಕೈಗಾರಿಕಾ ಪ್ರದೇಶಗಳಲ್ಲಿ ಹೆಚ್ಚು. ಅಲ್ಲಿ ಸುರಕ್ಷತಾ ಅಧಿಕಾರಿ ಇರಲೇಬೇಕೆಂಬ ಕಡ್ಡಾಯ ಇಲ್ಲದಿದ್ದಾಗ ಆ ಹೊಣೆ ಸಹಜವಾಗಿ ಸೂಪರ್‌ವೈಸರ್ ಹೆಗಲೇರುತ್ತದೆ.

ನಾಳೆಯ ಪಾಳಿಯಲ್ಲಿ ಏನು ಮಾಡಬಹುದು?

ಸೂಪರ್‌ವೈಸರ್‌ಗಳಿಗೆ:

- ಕೆಲಸ ಶುರುವಾಗುವ ಮುನ್ನ ವಿಭಾಗವನ್ನು ಒಂದು ಸುತ್ತು ಹಾಕಿ. ತಲೆಯ ಮೇಲಿನ ತೊಲೆ, ಪೈಪುಗಳನ್ನೂ ನೋಡಿ.
- ಕನಿಷ್ಠ ಇಬ್ಬರನ್ನು ‘ಇಲ್ಲಿ ನಿಮಗೆ ಭಯ ಅನಿಸೋದು ಯಾವುದು?’ ಎಂದು ಕೇಳಿ. ಉತ್ತರ ಬರೆದುಕೊಳ್ಳಿ.
- ತುರ್ತು ಬಾಗಿಲಿಗೆ ಬೀಗ ಬಿದ್ದಿದೆಯೇ, ಮೂಟೆ ಅಡ್ಡವಿದೆಯೇ ಎಂದು ನೋಡಿ, ತೆರೆಸಿ.
- ಇವತ್ತು ನಿಮ್ಮ ವಿಭಾಗದಲ್ಲಿರುವ ಪ್ರತಿಯೊಬ್ಬರ ಹೆಸರು ಬರೆದು ಒಂದು ಪ್ರತಿ ಗೇಟಿಗೆ ಕಳಿಸಿ.

ಮ್ಯಾನೇಜರ್‌ಗಳಿಗೆ:

- ದಿನದ ಸಭೆಯಲ್ಲಿ ಉತ್ಪಾದನೆಗೆ ಮೊದಲು, ನಿನ್ನೆ ಬಂದ ಎಚ್ಚರಿಕೆಗಳ ಬಗ್ಗೆ ಕೇಳಿ.
- ಬಾಕಿ ಇರುವ ರಿಪೇರಿಗಳ ಪಟ್ಟಿಯನ್ನು ತರಿಸಿಕೊಳ್ಳಿ. ಯಾವುದು ಎಷ್ಟು ದಿನದಿಂದ ಬಾಕಿ, ಯಾಕೆ ಎಂದು ನೋಡಿ.
- ವಾರಕ್ಕೊಮ್ಮೆಯಾದರೂ ರಾತ್ರಿ ಪಾಳಿಗೆ ಹೋಗಿ. ಹಗಲು ಕಾಣದ್ದು ರಾತ್ರಿ ಕಾಣುತ್ತದೆ.
- ಸುರಕ್ಷತೆಗಾಗಿ ಕೆಲಸ ನಿಲ್ಲಿಸಿದವರನ್ನು ಎಲ್ಲರ ಎದುರು ಮೆಚ್ಚಿಕೊಳ್ಳಿ.

ಪ್ರತಿ ವರ್ಷ ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷತಾ ದಿನ ಆಚರಿಸುತ್ತೇವೆ. ಬ್ಯಾಡ್ಜ್ ಹಚ್ಚಿ, ಪ್ರತಿಜ್ಞೆ ಮಾಡಿ, ಸ್ಪರ್ಧೆಗಳಿಗೆ ಬಹುಮಾನ ಹಂಚುತ್ತೇವೆ. ಅದು ಇರಲಿ, ತಪ್ಪೇನಿಲ್ಲ. ಆದರೆ ಬೆಳಗ್ಗೆ ಮನೆಯಿಂದ ಡಬ್ಬಿ ಹಿಡಿದು ಹೊರಟವರು ಸಂಜೆ ಅದೇ ಡಬ್ಬಿ ಹಿಡಿದು ವಾಪಸ್ ಬರುತ್ತಾರೆಯೇ ಎಂಬುದು ತೀರ್ಮಾನವಾಗುವುದು ಉಳಿದ 364 ದಿನಗಳಲ್ಲಿ, ಆಪರೇಟರ್ ಬಂದು ‘ಏನೋ ಸರಿಯಿಲ್ಲ ಸರ್’ ಎಂದಾಗ ಸೂಪರ್‌ವೈಸರ್ ಕೊಡುವ ಉತ್ತರದಲ್ಲಿ.